ಅಳಿಸಲಾಗದ ಕೆಲಸ ಮೊದಲು: ಮಿಶ್ರ ಮಾಧ್ಯಮದ ಚಿತ್ರಕ್ಕೊಂದು ಕ್ರಮ

ಶಾಯಿ, ಜಲವರ್ಣ, ಇದ್ದಿಲು, ಮಣ್ಣು, ಅಂಟಿಸಿದ ಕಾಗದ, ಬಟ್ಟೆಯ ಚೂರು ಎಲ್ಲ ಕೂಡಿ ಒಂದು ಚಿತ್ರವಾಗುವುದನ್ನು ಮಿಶ್ರ ಮಾಧ್ಯಮ ಎನ್ನುತ್ತೇವೆ. ಈಗ ಆ ಸಾಲಿಗೆ ಕಂಪ್ಯೂಟರು, ಟ್ಯಾಬ್ಲೆಟ್ಟು, ಫೋನು ಸೇರಿವೆ. ಹಾವೇರಿ ಜಿಲ್ಲೆಯಿಂದ ಧಾರವಾಡಕ್ಕೋ ದಾವಣಗೆರೆಗೋ ಮೈಸೂರಿಗೋ ಹೋಗಿ ದೃಶ್ಯಕಲೆಯ ಪದವಿ (ಬಿವಿಎ) ಓದುವ ಹುಡುಗ ಹುಡುಗಿಯರಿಗೆ ಮೊದಲ ವರ್ಷದಲ್ಲೇ ಎದುರಾಗುವ ಗೊಂದಲ ಒಂದೇ: ಕೈಯಲ್ಲಿ ಎಷ್ಟು ಮಾಡಬೇಕು, ಕಂಪ್ಯೂಟರಿನಲ್ಲಿ ಎಷ್ಟು? ಪ್ರಮಾಣದ ಈ ಲೆಕ್ಕಕ್ಕೆ ಯಾರೂ ಉತ್ತರ ಕೊಡಲಾರರು, ಚಿತ್ರದಿಂದ ಚಿತ್ರಕ್ಕೆ ಅದು ಬದಲಾಗುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಖಚಿತವಾದ ಉತ್ತರವಿದೆ. ತಿದ್ದಲು ಬಾರದ, ಅಳಿಸಲು ಬಾರದ ಕೆಲಸವನ್ನೆಲ್ಲ ಮೊದಲು ಹಾಳೆಯ ಮೇಲೆ ಮುಗಿಸಬೇಕು. ತಿದ್ದಬಹುದಾದ, ಹಿಂದಕ್ಕೆ ತರಬಹುದಾದ ಕೆಲಸವನ್ನು ಕೊನೆಗೆ ತೆರೆಯ ಮೇಲೆ ಮಾಡಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದ ಚಿತ್ರಗಳು ಎಷ್ಟೇ ನಾಜೂಕಾಗಿದ್ದರೂ ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಹೀಗೇಕೆ ಎಂಬುದನ್ನು ಹಾವೇರಿ ಜಿಲ್ಲೆಯದೇ ಆದ ಸವಣೂರು ಸೀಮೆಯ ವಸ್ತುಗಳನ್ನೇ ಇಟ್ಟುಕೊಂಡು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಸವಣೂರಿನ ದೊಡ್ಡಹುಣಸೆ ಮರಗಳನ್ನೇ ವಿಷಯವಾಗಿ ಇಟ್ಟುಕೊಳ್ಳೋಣ. ದೊಡ್ಡಹುಣಸೆ ಕಲ್ಮಠದ ಆವರಣದ ಈ ಮರಗಳು ಆಫ್ರಿಕಾ ಮೂಲದ ಬಾವೊಬಾಬ್ ಜಾತಿಗೆ ಸೇರಿದವು. ಕಾಯಿಯೊಳಗಿನ ತಿರುಳು ಹುಳಿಯಾಗಿರುವುದರಿಂದ ಊರಿನ ಬಾಯಲ್ಲಿ ಅವು ಹುಣಸೆಯಾಗಿವೆ. ಮೂರು ಮರಗಳಲ್ಲಿ ಒಂದು 2023ರ ಜುಲೈ ಮಳೆಯಲ್ಲಿ ಬುಡಸಮೇತ ಉರುಳಿತು, ಅದನ್ನು ಮತ್ತೆ ನೆಟ್ಟು ಉಳಿಸುವ ಪ್ರಯತ್ನವೂ ನಡೆಯಿತು. ಇಂಥ ವಿಷಯ ಕೈಯಲ್ಲಿದ್ದಾಗ ವಿದ್ಯಾರ್ಥಿ ಮೊದಲು ಮಾಡಬೇಕಾದದ್ದು ನೋಡುವ ಕೆಲಸ. ಬೇಸಿಗೆಯಲ್ಲಿ ಎಲೆ ಉದುರಿ ಬೋಳಾದಾಗ ಕೊಂಬೆಗಳು ಬೇರಿನಂತೆ ಆಕಾಶಕ್ಕೆ ಚಾಚಿಕೊಂಡಿರುತ್ತವೆ, ಮರದ ಕಟ್ಟು ಸ್ಪಷ್ಟವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಅಂಗೈಯ ಬೆರಳುಗಳಂತೆ ಹರಡಿದ ಎಲೆಗಳು ಬಂದು ಅದೇ ಮರ ಬೇರೆಯದೇ ಆಕಾರ ತಾಳುತ್ತದೆ. ಬಿಳಿ ಹೂವು ರಾತ್ರಿ ಅರಳಿ ಕೆಳಮುಖವಾಗಿ ತೂಗುತ್ತದೆ. ಕಾಂಡದ ತೊಗಟೆ ಹುಣಸೆಯಂತೆ ಒರಟಲ್ಲ. ನುಣುಪು, ಬೂದು ಬಣ್ಣ, ಅಲ್ಲಲ್ಲಿ ಆನೆಯ ಚರ್ಮದಂಥ ಮಡಿಕೆ. ಎರಡು ಋತುವಿನಲ್ಲಿ ಮರದೆದುರು ಕೂತು ಬರೆದ ಸ್ಕೆಚ್‌ಬುಕ್ಕಿನಲ್ಲಿ ಈ ವ್ಯತ್ಯಾಸಗಳೆಲ್ಲ ತಾವಾಗಿ ದಾಖಲಾಗುತ್ತವೆ. ಪಕ್ಕದಲ್ಲಿ ದಿನಾಂಕ, ಹೊತ್ತು, ಬೆಳಕು ಬಂದ ದಿಕ್ಕು ಬರೆದಿಡುವುದು ಒಳ್ಳೆಯದು. ಸ್ಕೆಚ್ ಆದ ಮೇಲೆ ಅಂಚೆಕಾರ್ಡಿಗಿಂತ ಸಣ್ಣ ಚೌಕಗಳಲ್ಲಿ ಹತ್ತಾರು ಸಂಯೋಜನೆಗಳನ್ನು ಪೆನ್ಸಿಲಿನಲ್ಲಿ ಹಾಕಿ ನೋಡಬೇಕು. ಮರ ಪೂರ್ತಿ ಕಾಣಬೇಕೆ, ಕಾಂಡ ಮಾತ್ರ ಸಾಕೆ, ಪಕ್ಕದಲ್ಲಿ ಮನುಷ್ಯನ ಆಕೃತಿ ನಿಲ್ಲಿಸಿ ಗಾತ್ರ ತೋರಿಸಬೇಕೆ ಎಂಬುದು ಇಲ್ಲಿಯೇ ತೀರ್ಮಾನವಾಗಬೇಕು. ಈ ಹಂತ ಹಾರಿಸಿದವರು ಮುಂದೆ ತೆರೆಯ ಮೇಲೆ ಅದೇ ತೀರ್ಮಾನಕ್ಕಾಗಿ ವಾರಗಟ್ಟಲೆ ಒದ್ದಾಡುತ್ತಾರೆ.

ಇನ್ನು ಸಾಮಗ್ರಿ. ಪೇಟೆಯಲ್ಲಿ ಸಿಗುವ ಪೋಸ್ಟರ್ ಕಲರ್, ಅಕ್ರಿಲಿಕ್, ಇಂಡಿಯನ್ ಇಂಕ್ ಎಲ್ಲ ಬೇಕಾದವೇ. ಅವುಗಳ ಜೊತೆಗೆ ಕಾಲಡಿಯ ಮಣ್ಣನ್ನೂ ಬಣ್ಣವಾಗಿ ನೋಡಲು ಕಲಿಯುವುದು ಈ ಸೀಮೆಯವರಿಗೆ ಸುಲಭ. ಸವಣೂರಿನ ಸುತ್ತ ಎರೆಮಣ್ಣಿದೆ, ಹಾನಗಲ್ಲಿನತ್ತ ಹೋದರೆ ಕೆಂಪು ಮಣ್ಣು ಸಿಗುತ್ತದೆ. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಸರುನೀರನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ರಾತ್ರಿಯಿಡೀ ಅಲುಗಿಸದೆ ಇಟ್ಟರೆ ನಯವಾದ ಮಣ್ಣು ಕೆಳಗೆ ಕೂರುತ್ತದೆ. ತಿಳಿನೀರು ಚೆಲ್ಲಿ ಅದನ್ನು ಒಣಗಿಸಿ, ನುಣ್ಣಗೆ ಅರೆದು, ಗೋಂದಿನ ನೀರಿನೊಂದಿಗೆ ಕಲಸಿದರೆ ಬಣ್ಣ ಸಿದ್ಧ. ಒಣಗಿದ ಮೇಲೆ ಬೆರಳಿನಿಂದ ತಿಕ್ಕಿದಾಗ ಪುಡಿ ಉದುರಿದರೆ ಗೋಂದು ಸಾಲದು. ಹೊಳಪು ಬಂದು ಪದರ ಸಿಡಿದರೆ ಗೋಂದು ಹೆಚ್ಚಾಗಿದೆ. ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಎರೆಮಣ್ಣಿನ ಸ್ವಭಾವ ಬೇರೆ. ನೀರು ಕುಡಿದು ಉಬ್ಬಿ, ಒಣಗಿದಾಗ ಕುಗ್ಗಿ ಹೊಲದಲ್ಲಿ ಬಾಯಿಬಿಡುವ ಮಣ್ಣು ಹಾಳೆಯ ಮೇಲೂ ಹಾಗೆಯೇ ಬಿರುಕು ಬಿಡುತ್ತದೆ. ತೆಳುವಾಗಿ ಬಳಿದರೆ ಬಣ್ಣ, ದಪ್ಪಗೆ ಬಳಿದರೆ ಬಿರುಕಿನ ಚಿತ್ತಾರ. ಎರಡಕ್ಕೂ ಚಿತ್ರದಲ್ಲಿ ಜಾಗವಿದೆ, ಬೇಕೆಂದೇ ಮಾಡಿದ್ದಾಗಿರಬೇಕು ಅಷ್ಟೆ. ಅರಿಶಿನ ಹಾಳೆಗೆ ಒಳ್ಳೆಯ ಹಳದಿ ಕೊಡುತ್ತದೆ, ಸುಣ್ಣ ತಾಗಿಸಿದರೆ ಓಕುಳಿಯ ಕೆಂಪಾಗುತ್ತದೆ, ಆದರೆ ಬೆಳಕಿನಲ್ಲಿ ಬೇಗ ಮಾಸುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರಾಂತ ಕೆಂಪೂ ಹಾಗೆಯೇ. ಅದರ ಬಣ್ಣ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದರಿಂದ ಹಾಳೆಯ ಮೇಲೆ ಜಿಡ್ಡಿನ ಕಲೆ ಹರಡುತ್ತದೆ, ಬಿಸಿಲಿಗೆ ಬಣ್ಣ ಹೋಗುತ್ತದೆ. ಯಾವ ಬಣ್ಣ ನಿಲ್ಲುತ್ತದೆ ಎಂದು ತಿಳಿಯಲು ಒಂದು ಪಟ್ಟಿಯ ಮೇಲೆ ಎಲ್ಲವನ್ನೂ ಬಳಿದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಕೆಲವು ವಾರ ಕಿಟಕಿಯ ಬಿಸಿಲಿಗೆ ಇಟ್ಟರೆ ಸಾಕು. ಮುಚ್ಚಿದ ಭಾಗಕ್ಕೂ ಮುಚ್ಚದ ಭಾಗಕ್ಕೂ ಇರುವ ಅಂತರ ಎಲ್ಲವನ್ನೂ ಹೇಳುತ್ತದೆ.

ಅಳಿಸಲಾಗದ್ದು ಮೊದಲಾಗಬೇಕು ಎಂಬ ಮಾತಿಗೆ ಮೊದಲ ಆಧಾರ ಈ ಸಾಮಗ್ರಿಯ ನಡವಳಿಕೆಯಲ್ಲೇ ಇದೆ. ಒದ್ದೆ ಹಾಳೆಗೆ ಬಿದ್ದ ಶಾಯಿ ಎಲ್ಲಿಗೆ ಹರಿಯುತ್ತದೆಂದು ಮೊದಲೇ ಹೇಳಲಾಗದು. ಮೇಣ ತಿಕ್ಕಿದ ಕಡೆ ನೀರಿನ ಬಣ್ಣ ಹಿಡಿಯುವುದಿಲ್ಲ, ಎಲ್ಲಿ ಎಷ್ಟು ಬಿಡುತ್ತದೆ ಎಂಬುದು ಬಳಿದ ಮೇಲೆಯೇ ಗೊತ್ತಾಗುತ್ತದೆ. ಮಣ್ಣಿನ ಬಿರುಕು ಯಾವ ದಿಕ್ಕಿಗೆ ಸೀಳುತ್ತದೋ ಒಣಗಿದ ಮೇಲೆಯೇ ಕಾಣುವುದು. ಇವೆಲ್ಲ ಚಿತ್ರಕಾರನ ಕೈಮೀರಿ ಬರುವ ವಿವರಗಳು, ಅವಕ್ಕೆ ಉತ್ತರ ಕೊಡುತ್ತ ಹೋಗುವುದೇ ಕೆಲಸ. ತೆರೆಯ ಮೇಲೆ ಮೊದಲು ಕೂತರೆ ಈ ಉತ್ತರ ಕೊಡುವ ಸಂದರ್ಭವೇ ಬರುವುದಿಲ್ಲ, ಹಿಂದಕ್ಕೆ ಹೋಗುವ ಗುಂಡಿ ಬೆರಳ ತುದಿಯಲ್ಲೇ ಇರುತ್ತದೆ. ಎರಡನೆಯ ಆಧಾರ ನಮ್ಮ ಕಡೆಯ ಕಸುಬುಗಳಲ್ಲಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವಾಗ ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಲಸಿದ ಕಿಟ್ಟ ಬಳಿದು, ಅದರ ಮೇಲೆ ಬಿಳಿ ಪದರ ಕೊಟ್ಟು ಕೊನೆಗೆ ಬಣ್ಣ ಹಚ್ಚುತ್ತಾರೆ. ಒಡವೆಯ ಉಬ್ಬು ಕೆಲಸಕ್ಕೆ ಕಲ್ಲಿನ ಪುಡಿ ಮತ್ತು ಅಂಟಿನ ಲೇಪ. ಮರ, ಬಟ್ಟೆ, ಅಂಟು, ಕಲ್ಲು, ಬಣ್ಣ: ಮಿಶ್ರ ಮಾಧ್ಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪಿಕಾಸೊ, ಬ್ರಾಕ್ ಇಬ್ಬರೂ 1912ರಲ್ಲಿ ತಮ್ಮ ಚಿತ್ರಗಳಿಗೆ ಮೇಣಬಟ್ಟೆ, ಕಾಗದ ಅಂಟಿಸಿದ್ದನ್ನು ಕಲಾ ಚರಿತ್ರೆಯ ತರಗತಿಯಲ್ಲಿ ಓದುವ ವಿದ್ಯಾರ್ಥಿ ಕಿನ್ನಾಳದ ಈ ಪದರಗಳನ್ನೂ ಒಮ್ಮೆ ಓದಿಕೊಳ್ಳಬೇಕು. ಅಲ್ಲಿ ಒರಟಾದದ್ದು, ಕದಲಿಸಲಾಗದ್ದು ಕೆಳಗೆ. ಕಣ್ಣಿನ ರೆಪ್ಪೆಯ ಗೆರೆ, ಸೀರೆಯ ಅಂಚು ಎಲ್ಲಕ್ಕಿಂತ ಮೇಲೆ.

ಇಲ್ಲೊಂದು ಉಪಾಯವನ್ನು ಮುಖ್ಯವಾಗಿ ಹೇಳಬೇಕು. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಮಾಡಬೇಕಾಗಿಲ್ಲ. ಮರದ ರೇಖೆ ಒಂದು ಹಾಳೆಯಲ್ಲಿ ಕಪ್ಪು ಶಾಯಿಯಿಂದ, ಮಣ್ಣಿನ ಬಣ್ಣದ ನೆಲೆ ಇನ್ನೊಂದರಲ್ಲಿ, ತೊಗಟೆಯ ಮೇಲ್ಮೈ ಮೂರನೆಯದರಲ್ಲಿ, ಅಕ್ಷರ ನಾಲ್ಕನೆಯದರಲ್ಲಿ. ಮುದ್ರಣ ಕಲೆ ಬಲ್ಲವರಿಗೆ ಇದು ಹಳೆಯ ಪದ್ಧತಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು ದೇವರ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದಾಗ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬಳಸುತ್ತಿದ್ದರು, ಎಲ್ಲ ಕಲ್ಲುಗಳ ಅಚ್ಚು ಒಂದರ ಮೇಲೊಂದು ಕೂತಾಗ ಚಿತ್ರ ಪೂರ್ತಿಯಾಗುತ್ತಿತ್ತು. 1990ರಲ್ಲಿ ಬಂದ ಫೋಟೋಶಾಪಿನಲ್ಲಿ 1994ರ ಆವೃತ್ತಿಯಿಂದ ಸಿಕ್ಕ ಲೇಯರ್ ಸೌಲಭ್ಯ ಮಾಡುವುದೂ ಇದೇ ಕೆಲಸವನ್ನು. ಹಾಳೆಗಳನ್ನು ಬೇರೆಬೇರೆ ಇಟ್ಟರೆ ಒಂದು ಕೆಟ್ಟರೆ ಅದೊಂದನ್ನೇ ಮತ್ತೆ ಮಾಡಿದರಾಯಿತು, ಹಾಳಾದೀತು ಎಂಬ ಅಂಜಿಕೆಯಿಂದ ಕೈ ಹಿಂಜರಿಯುವುದೂ ತಪ್ಪುತ್ತದೆ. ಹಾಗೆ ಬಿಡಿಬಿಡಿಯಾಗಿ ಮಾಡಿದರೆ ಅದು ಮಿಶ್ರ ಮಾಧ್ಯಮ ಹೇಗಾದೀತು, ವಸ್ತುಗಳು ಒಂದನ್ನೊಂದು ಮುಟ್ಟಲೇ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕಾಗಿ ಒಂದು ವಿವೇಚನೆ ಬೇಕು. ಪರಸ್ಪರ ತಾಗಿದಾಗಲೇ ಪರಿಣಾಮ ಹುಟ್ಟುವಂಥವನ್ನು, ಅಂದರೆ ಮೇಣ ಮತ್ತು ನೀರು, ಅರಿಶಿನ ಮತ್ತು ಸುಣ್ಣ, ಒದ್ದೆ ಮಣ್ಣು ಮತ್ತು ಶಾಯಿ, ಇವನ್ನು ಒಂದೇ ಹಾಳೆಯಲ್ಲಿ ಬಿಡಬೇಕು. ಸಂಯೋಜನೆಗೆ ಸಂಬಂಧಿಸಿದ್ದನ್ನು, ಅಂದರೆ ರೇಖೆ, ಆಕೃತಿಯ ಜಾಗ, ಅಕ್ಷರ, ಇವನ್ನು ಬೇರೆ ಹಾಳೆಗೆ ತೆಗೆಯಬೇಕು. ಹಾಳೆಯ ಆಯ್ಕೆಯೂ ಇದನ್ನೇ ಅವಲಂಬಿಸಿದೆ: ಶಾಯಿ ರೇಖೆಗೆ ಸಾಮಾನ್ಯ ಕಾರ್ಟ್ರಿಜ್ ಶೀಟ್ ಸಾಕು, ಮಣ್ಣು ನೀರು ಬೀಳುವ ಹಾಳೆ 300 ಜಿಎಸ್ಎಂ ಇದ್ದರೆ ಹೆಚ್ಚು ಸುಕ್ಕಾಗುವುದಿಲ್ಲ, ದಪ್ಪ ಲೇಪಕ್ಕೆ ಮೌಂಟ್ ಬೋರ್ಡೇ ಬೇಕು.

ತೊಗಟೆಯ ಮೇಲ್ಮೈಯನ್ನು ಹಿಡಿಯಲು ಉಜ್ಜುಚಿತ್ರ ಅತ್ಯುತ್ತಮ ದಾರಿ. ತೆಳುಕಾಗದವನ್ನು ಮೇಲ್ಮೈಗೆ ಒತ್ತಿ ಹಿಡಿದು ಮೆದು ಪೆನ್ಸಿಲನ್ನೋ ಮೇಣದ ಕಡ್ಡಿಯನ್ನೋ ಅಡ್ಡಹಾಕಿ ಉಜ್ಜಿದರೆ ಉಬ್ಬುತಗ್ಗು ಮೂಡಿಬರುತ್ತದೆ. ಮಕ್ಕಳು ನಾಣ್ಯದ ಮೇಲೆ ಮಾಡುವ ಈ ಕೆಲಸವನ್ನು 1925ರಲ್ಲಿ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಹಲಗೆಗಳ ಮೇಲೆ ಮಾಡಿ ಚಿತ್ರಕಲೆಯ ಒಂದು ವಿಧಾನವಾಗಿ ಬೆಳೆಸಿದ. ದೊಡ್ಡಹುಣಸೆಯ ಮಡಿಕೆಗಳು ನುಣುಪಾಗಿರುವುದರಿಂದ ಸಾಮಾನ್ಯ ಹಾಳೆಗಿಂತ ಟಿಶ್ಯೂ ಕಾಗದ ಚೆನ್ನಾಗಿ ಹಿಡಿಯುತ್ತದೆ. ಮಠದವರನ್ನು ಕೇಳಿಕೊಂಡು, ಮೊಳೆ ಪಿನ್ನು ಚುಚ್ಚದೆ, ಕೈಯಿಂದಲೇ ಕಾಗದ ಹಿಡಿದು ಮಾಡಬೇಕು. ಒಮ್ಮೆ ಉರುಳಿ ಮತ್ತೆ ನೆಟ್ಟ ಮರವನ್ನಂತೂ ಮುಟ್ಟದೆ ಬಿಡುವುದೇ ಸರಿ. ಇದೇ ಉತ್ಸಾಹದಲ್ಲಿ ಹಾನಗಲ್ಲಿನ ತಾರಕೇಶ್ವರ ಗುಡಿಗೋ ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಗೋ ಹೋಗಿ ಕೆತ್ತನೆಯ ಮೇಲೆ ಕಾಗದ ಉಜ್ಜಬಾರದು. ಕಲ್ಯಾಣ ಚಾಲುಕ್ಯರ ಕಾಲದ ಈ ಕೆತ್ತನೆಯ ಕಲ್ಲು ಮೆದು, ಸಾವಿರ ಕೈಗಳ ಸವೆತವೇ ಅದಕ್ಕೆ ಹೆಚ್ಚು. ರಕ್ಷಿತ ಸ್ಮಾರಕಗಳಲ್ಲಿ ಹಾಗೆ ಮಾಡಲು ಅನುಮತಿಯೂ ಇಲ್ಲ. ತಾರಕೇಶ್ವರದ ಕಮಲದ ಛಾವಣಿಯನ್ನು ಕೆಳಗೆ ನಿಂತು ಪೆನ್ಸಿಲಿನಲ್ಲಿ ಬರೆಯುವುದೇ ಕಣ್ಣಿಗೆ ದೊಡ್ಡ ಪಾಠ: ಎಂಟು ಮೂಲೆಯ ಚೌಕಟ್ಟಿನೊಳಗೆ ದಳದ ಸುತ್ತುಗಳು ಹೇಗೆ ಕಿರಿದಾಗುತ್ತ ಹೋಗುತ್ತವೆ ಎಂಬುದು ಫೋಟೊ ನೋಡಿದರೆ ತಿಳಿಯುವುದಿಲ್ಲ, ಬರೆಯುವಾಗ ತಿಳಿಯುತ್ತದೆ.

ಹಾಳೆಯಿಂದ ತೆರೆಗೆ ದಾಟಿಸುವ ಹಂತದಲ್ಲಿ ಅವಸರ ಮಾಡಿದವರು ಹಿಂದಿನ ಶ್ರಮವನ್ನೆಲ್ಲ ಕಳೆದುಕೊಳ್ಳುತ್ತಾರೆ. ಅರಿಶಿನ, ಮೆಣಸಿನಕಾಯಿ, ಎಲೆಯ ರಸದಂಥ ಮಾಸುವ ಬಣ್ಣ ಬಳಸಿದ ಹಾಳೆಯನ್ನು ಒಣಗಿದ ದಿನವೇ ಸ್ಕ್ಯಾನ್ ಮಾಡಬೇಕು. ನಾಲ್ಕು ತಿಂಗಳ ಬಳಿಕ ಉಳಿಯದ ಹಳದಿಯನ್ನು ಆ ದಿನದ ಕಡತ ಉಳಿಸಿಕೊಂಡಿರುತ್ತದೆ. ಕಾಗದದ ಕೆಲಸಕ್ಕೆ ಕಂಪ್ಯೂಟರ್ ಮಾಡುವ ದೊಡ್ಡ ಉಪಕಾರ ಇದು ಎಂದೇ ನನ್ನ ಎಣಿಕೆ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದದ ಪಿಕ್ಸೆಲ್ ಚಿತ್ರ ಬರುತ್ತದೆ. ಅದನ್ನು ಎರಡು ಪಟ್ಟು ದೊಡ್ಡದಾಗಿ ಮುದ್ರಿಸುವ ಯೋಚನೆ ಇದ್ದರೆ 600ರಲ್ಲಿ ತೆಗೆಯಬೇಕು. ಸ್ಕ್ಯಾನರಿನ ತಾನಾಗಿ ಬಣ್ಣ ಸರಿಪಡಿಸುವ ಆಯ್ಕೆಯನ್ನು ನಿಲ್ಲಿಸಿಬಿಡಬೇಕು, ಇಲ್ಲದಿದ್ದರೆ ಕೆಮ್ಮಣ್ಣಿನ ಮಂದ ಛಾಯೆಯನ್ನು ಅದು ಕಲೆಯೆಂದು ತಿಳಿದು ತೊಳೆದುಬಿಡುತ್ತದೆ. ಮೂಲ ಕಡತವನ್ನು ಟಿಫ್ ರೂಪದಲ್ಲಿ ಇಡಬೇಕು; ಜೆಪೆಗ್ ಪ್ರತಿ ಸಲ ತೆರೆದು ಉಳಿಸಿದಾಗಲೂ ಒಂದಷ್ಟು ವಿವರ ಕಳೆದುಕೊಳ್ಳುತ್ತದೆ. ಬಿರುಕು ಬಿಟ್ಟ ಎರೆಮಣ್ಣು, ಅಂಟಿಸಿದ ಬಟ್ಟೆಯಂಥ ಉಬ್ಬು ಕೆಲಸಕ್ಕೆ ಸ್ಕ್ಯಾನರ್ ಹೊಂದುವುದಿಲ್ಲ, ಅದರ ಬೆಳಕು ನೆರಳನ್ನೆಲ್ಲ ಚಪ್ಪಟೆ ಮಾಡುತ್ತದೆ. ಅಂಥದ್ದನ್ನು ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ ಇಟ್ಟು ಫೋಟೊ ತೆಗೆದರೆ ಬಿರುಕಿನ ಆಳ ಕಾಣುತ್ತದೆ.

ತೆರೆಯ ಮೇಲಿನ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದನ್ನು ಈಗಿನ ವಿದ್ಯಾರ್ಥಿಗಳು ತಾವೇ ಬೇಗ ಕಲಿಯುತ್ತಾರೆ. ಬಿಳಿ ಹಾಳೆಯ ಮೇಲಿನ ಶಾಯಿ ರೇಖೆಯ ಲೇಯರನ್ನು ಮಲ್ಟಿಪ್ಲೈ ಎಂಬ ಬೆರಕೆ ವಿಧಾನಕ್ಕೆ ಇಟ್ಟರೆ ಬಿಳಿ ಮಾಯವಾಗಿ ಕೆಳಗಿನ ಮಣ್ಣಿನ ಬಣ್ಣದ ಮೇಲೆ ರೇಖೆ ಮಾತ್ರ ಕೂರುತ್ತದೆ. ಉಜ್ಜುಚಿತ್ರದ ಲೇಯರಿಗೆ ಮಾಸ್ಕ್ ಹಾಕಿ ಕಾಂಡದ ಆಕಾರಕ್ಕೆ ಮಾತ್ರ ಕಾಣುವಂತೆ ಮಾಡಬಹುದು. ಆಕಾಶದ ಬಣ್ಣ ಬದಲಿಸಿ ಬೇಸಿಗೆ, ಮಳೆಗಾಲದ ಎರಡು ಆವೃತ್ತಿ ತೆಗೆಯಬಹುದು. ಇಲ್ಲಿ ಒಂದೇ ಎಚ್ಚರಿಕೆ: ಹಾಳೆಯಲ್ಲಿ ತಾನಾಗಿ ಬಂದದ್ದನ್ನು ತೆರೆಯಲ್ಲಿ ತೊಳೆಯಬಾರದು. ಶಾಯಿ ಅಂಚು ಮೀರಿ ಹರಿದಿದ್ದರೆ, ಉಜ್ಜುಚಿತ್ರದಲ್ಲಿ ಕಾಗದ ಜಾರಿದ ಗುರುತಿದ್ದರೆ, ಚಿತ್ರದ ಅರ್ಥಕ್ಕೆ ಅಡ್ಡ ಬರದಿರುವವರೆಗೆ ಅದನ್ನು ಬಿಡಬೇಕು. ಎಲ್ಲವನ್ನೂ ನುಣುಪು ಮಾಡುವುದಾದರೆ ಮಣ್ಣು ಸೋಸುವ ಶ್ರಮವೇಕೆ ಬೇಕಿತ್ತು?

ಕೈ ಮೊದಲು, ತೆರೆ ಕೊನೆಗೆ ಎಂಬ ಈ ಕ್ರಮಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಬಿರುಕು ಮಣ್ಣಿನ ಟೆಕ್ಸ್ಚರು, ಶಾಯಿಯ ಹರಿವಿನ ಬ್ರಶ್ಶು ಇವೆಲ್ಲ ತಯಾರಾಗಿ ಸಿಗುತ್ತವೆ, ಕೆಲವಂತೂ ಪುಕ್ಕಟೆ. ಈಗ ವಿವರ ಬರೆದುಕೊಟ್ಟರೆ ಕೃತಕ ಬುದ್ಧಿಮತ್ತೆಯೇ ಇಡೀ ಚಿತ್ರ ಮಾಡಿಕೊಡುತ್ತದೆ. ಹೀಗಿರುವಾಗ ಗೋಂದು ಕಲಸುತ್ತ ಕೂರುವುದು ಸಮಯ ಹಾಳು ಮಾಡಿದಂತಲ್ಲವೆ? ಜಾಹೀರಾತಿನ ಕೆಲಸ, ನಾಳೆಗೆ ಬೇಕಾದ ಬ್ಯಾನರು ಇದ್ದಾಗ ತಯಾರಾದದ್ದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ ಎಂದು ಒಪ್ಪಿಕೊಳ್ಳಬೇಕು. ಆದರೆ ತಯಾರಾದ ಬ್ರಶ್ ಎಲ್ಲರಲ್ಲೂ ಇರುತ್ತದೆ. ಅದರ ಒಂದೇ ಕಲೆ, ಒಂದೇ ಅಂಚು ಮತ್ತೆ ಮತ್ತೆ ಬರುವುದನ್ನು ಸಂದರ್ಶನ ಮಂಡಳಿಯವರ, ಸಂಪಾದಕರ ಕಣ್ಣು ಸುಲಭವಾಗಿ ಹಿಡಿಯುತ್ತದೆ. ಯಂತ್ರ ಕೊಡುವ ಚಿತ್ರದ ತೊಂದರೆ ಇನ್ನೂ ಆಳವಾದದ್ದು. ತಾನು ಕಂಡ ಕೋಟ್ಯಂತರ ಚಿತ್ರಗಳಲ್ಲಿ ಹೆಚ್ಚಾಗಿ ಇರುವುದನ್ನೇ ಅದು ಕೊಡುತ್ತದೆ. ಬಾವೊಬಾಬ್ ಎಂದರೆ ಜಗತ್ತಿನ ಚಿತ್ರಗಳಲ್ಲಿ ಹೆಚ್ಚಾಗಿ ಇರುವುದು ಆಫ್ರಿಕಾದ ಬಯಲು, ಮಡಗಾಸ್ಕರಿನ ರಸ್ತೆ, ಸಂಜೆಯ ಸೂರ್ಯ. ಮಠದ ಆವರಣ, ಉರುಳಿ ಎದ್ದ ಮರ, ಅದರ ಸುತ್ತ ಊರಿನ ಜನ ಇವು ಅಲ್ಲಿ ವಿರಳ. ಎದುರು ಕೂತು ಬರೆದ ಸ್ಕೆಚ್ಚಿನಲ್ಲಿ ಈ ವಿವರಗಳು ಬರದೇ ಇರಲು ಸಾಧ್ಯವಿಲ್ಲ. ಇನ್ನು ಕಲಿಕೆಯ ದೃಷ್ಟಿಯಿಂದ ನೋಡಿದರೆ, ಯಾಕೆ ಹೀಗೆ ಮಾಡಿದೆ ಎಂದು ಪರೀಕ್ಷಕರು ಕೇಳಿದಾಗ ಪ್ರತಿ ಹಂತದ ಹಾಳೆಯನ್ನು ಮುಂದಿಟ್ಟು ಹೇಳಬಲ್ಲವರಿಗೂ ಕೊನೆಯ ಚಿತ್ರವೊಂದನ್ನೇ ತೋರಿಸುವವರಿಗೂ ವ್ಯತ್ಯಾಸ ಬಹಳ.

ಎರಡನೆಯ ಆಕ್ಷೇಪ ವಿರುದ್ಧ ದಿಕ್ಕಿನಿಂದ ಬರುತ್ತದೆ. ಕಂಪ್ಯೂಟರ್ ಸೋಕಿದ ಮೇಲೆ ಅದು ಚಿತ್ರಕಲೆಯೇ ಅಲ್ಲ ಎಂದು ಹೇಳುವ ಹಿರಿಯರು ಈಗಲೂ ಇದ್ದಾರೆ. ಇಲಸ್ಟ್ರೇಷನ್ ಎಂಬುದು ಹುಟ್ಟಿದ್ದೇ ಅಚ್ಚಾಗುವುದಕ್ಕೆ ಎಂಬುದನ್ನು ಈ ಮಾತು ಮರೆಯುತ್ತದೆ. ಕಲಬುರಗಿಯ ಎಸ್.ಎಂ. ಪಂಡಿತರು (1916–1993) ಕ್ಯಾಲೆಂಡರ್, ಸಿನಿಮಾ ಪೋಸ್ಟರುಗಳಿಗೆ ಬರೆದದ್ದು ಲಕ್ಷಾಂತರ ಜನರಿಗೆ ತಲುಪಿದ್ದು ಮೂಲ ಕ್ಯಾನ್ವಾಸಿನಿಂದಲ್ಲ, ಅಚ್ಚಿನಿಂದ. ಪ್ರಜಾವಾಣಿ ಬಳಗದಲ್ಲಿ ವರ್ಷಗಟ್ಟಲೆ ಕಥೆ ಕವಿತೆಗಳಿಗೆ ಚಿತ್ರ ಬರೆದ ಚಂದ್ರನಾಥ ಆಚಾರ್ಯರು ಮುದ್ರಣಕಲೆಯ ಕಲಾವಿದರೂ ಹೌದು, ಅಚ್ಚಿನ ಶಿಸ್ತು ಅವರ ರೇಖೆಯಲ್ಲೇ ಇದೆ. ಜಿಂಕಿನ ಲೈನ್ ಬ್ಲಾಕಿನ ಕಾಲದಲ್ಲಿ ಪತ್ರಿಕೆಯ ಚಿತ್ರಕಾರರು ಕಪ್ಪು ಶಾಯಿಯ ಗೆರೆಯಲ್ಲೇ ಎಲ್ಲವನ್ನೂ ಹೇಳಬೇಕಿತ್ತು, ಏಕೆಂದರೆ ಬೂದು ಛಾಯೆ ಆ ಬ್ಲಾಕಿನಲ್ಲಿ ಮೂಡುತ್ತಿರಲಿಲ್ಲ. ಯಂತ್ರದ ಮಿತಿಯನ್ನು ಅರಿತು ಕೈಯನ್ನು ಹದ ಮಾಡಿಕೊಳ್ಳುವುದು ಈ ಕಸುಬಿನಲ್ಲಿ ಮೊದಲಿಂದಲೂ ಇದೆ. ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಗೆ ಹೋಗಬೇಕು. 2020ರಲ್ಲಿ ತೀರಿಕೊಂಡ ಟಿ.ಬಿ. ಸೊಲಬಕ್ಕನವರು ಅಲ್ಲಿ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿ ಬದುಕು ಆಳೆತ್ತರದ ಬಣ್ಣದ ಶಿಲ್ಪಗಳಾಗಿ ನಿಂತಿದೆ. ಸೊಲಬಕ್ಕನವರು ದೊಡ್ಡಾಟ ಬಲ್ಲವರು, ಚಿತ್ರಕಾರರು. ಶಿಲ್ಪಕ್ಕೆ ಅವರು ಆರಿಸಿಕೊಂಡದ್ದು ಸಿಮೆಂಟು. ಸಿಮೆಂಟು ಹಳ್ಳಿಯ ವಸ್ತುವಲ್ಲ ಎಂದು ಯಾರೂ ಆ ಶಿಲ್ಪಗಳಿಂದ ಹಳ್ಳಿಯನ್ನು ಕಿತ್ತುಕೊಳ್ಳಲಾರರು. ಕೈ, ಕಣ್ಣು, ನೆನಪು ಎಲ್ಲಿಂದ ಬಂದವು ಎಂಬುದರಿಂದ ಕೃತಿಯ ಊರು ತಿಳಿಯುತ್ತದೆ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ, 2010ರಿಂದ ಐಪ್ಯಾಡಿನಲ್ಲಿ ನಿಸರ್ಗ ಬರೆದದ್ದು ಅರ್ಧ ಶತಮಾನ ಬಣ್ಣ ಕಲಸಿದ ಕೈಯಿಂದ. ನನ್ನ ವಾದಕ್ಕೂ ಅದು ಹೊಂದುತ್ತದೆ: ತೆರೆ ಕೊನೆಗೆ ಬಂದರೆ ಅದಕ್ಕೆ ಕೊಡಲು ಕೈಯಲ್ಲಿ ಏನಾದರೂ ಇರುತ್ತದೆ.

ಮೂರನೆಯದು ಹಣದ ಪ್ರಶ್ನೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪೆನ್ನು ಸಮೇತದ ಒಳ್ಳೆಯ ಟ್ಯಾಬ್ಲೆಟ್ಟು ಹಲವು ಮನೆಗಳ ತಿಂಗಳ ದುಡಿಮೆಗಿಂತ ಹೆಚ್ಚು. ಮೊದಲು ಕೈ, ಆಮೇಲೆ ತೆರೆ ಎಂಬ ಕ್ರಮ ಬಡ ವಿದ್ಯಾರ್ಥಿಗೆ ಅನುಕೂಲವಾಗುವುದು ಇಲ್ಲಿಯೇ. ರೇಖೆಯನ್ನೂ ಬಣ್ಣವನ್ನೂ ಹಾಳೆಯಲ್ಲೇ ಮುಗಿಸಿದವರಿಗೆ ತೆರೆಯ ಮೇಲೆ ಪೆನ್ನು ಬೇಕಾಗುವುದಿಲ್ಲ, ಮೌಸಿನಿಂದ ಲೇಯರ್ ಜೋಡಿಸಿದರೆ ಸಾಕು. ಕ್ರಿತಾ, ಗಿಂಪ್, ಇಂಕ್‌ಸ್ಕೇಪ್ ಎಂಬ ತಂತ್ರಾಂಶಗಳು ಪೂರ್ತಿ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ, ಕಾಲೇಜಿನ ಲ್ಯಾಬಿನಲ್ಲೂ ಹಾಕಿಸಿಕೊಳ್ಳಬಹುದು. ಸ್ಕ್ಯಾನಿಂಗಿಗೆ ಝೆರಾಕ್ಸ್ ಅಂಗಡಿಯವರಿಗೆ ಡಿಪಿಐ ಎಷ್ಟೆಂದು ಹೇಳಿ, ಕಡತವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬರಬಹುದು. ಅದೂ ಇಲ್ಲದಿದ್ದರೆ ಫೋನು: ನೇರ ಬಿಸಿಲು ಬೀಳದ ಜಗುಲಿಯಲ್ಲಿ ಹಾಳೆಯನ್ನು ಗೋಡೆಗೆ ಸಮತಟ್ಟಾಗಿ ನಿಲ್ಲಿಸಿ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು, ತೆರೆಯ ಗ್ರಿಡ್ ಗೆರೆಗಳಿಗೆ ಹಾಳೆಯ ಅಂಚು ಹೊಂದಿಸಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ತೀರ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ, ಒಂದು ಹೆಜ್ಜೆ ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸುವುದು ಮೇಲು. ಮೂಲೆಯಲ್ಲಿ ಬಣ್ಣವಿಲ್ಲದ ಬಿಳಿ ಕಾಗದದ ಚೂರೊಂದನ್ನು ಇಟ್ಟರೆ ಬಣ್ಣ ಸರಿಪಡಿಸುವಾಗ ಅದೇ ಅಳತೆ.

ಕನ್ನಡ ಅಕ್ಷರ ಬೇಕಾದ ಚಿತ್ರಗಳಿಗೆ ಎರಡು ದಾರಿ. ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರ ಹೊಡೆದರೆ ಗಿಂಪ್, ಇಂಕ್‌ಸ್ಕೇಪುಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಭಾಷೆಗಳ ಪಠ್ಯ ಜೋಡಣೆಯ ಆಯ್ಕೆಯನ್ನು ಒತ್ತದಿದ್ದರೆ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ. ಇನ್ನೊಂದು ದಾರಿ ಕುಂಚದಿಂದಲೇ ಅಕ್ಷರ ಬರೆದು ಬೇರೆ ಹಾಳೆಯಾಗಿ ಸ್ಕ್ಯಾನ್ ಮಾಡುವುದು. ಮಣ್ಣಿನ ಬಣ್ಣದ ಪಕ್ಕದಲ್ಲಿ ಕೈಬರಹವೇ ಚೆನ್ನಾಗಿ ಕೂರುತ್ತದೆ. ಮುದ್ರಣಕ್ಕೆ ಕೊಡುವ ಮುನ್ನ ಇನ್ನೊಂದು ಸಂಗತಿ ತಿಳಿದಿರಬೇಕು. ತೆರೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಅಚ್ಚುಯಂತ್ರ ನಾಲ್ಕು ಶಾಯಿಗಳಿಂದ. ತೆರೆಯಲ್ಲಿ ಹೊಳೆಯುವ ಮೆಣಸಿನಕಾಯಿ ಕೆಂಪು, ವೀಳ್ಯದೆಲೆಯ ಚಿಗುರು ಹಸಿರು ಅಚ್ಚಿನಲ್ಲಿ ಮಂಕಾಗುತ್ತವೆ. ಮಣ್ಣಿನ ಬಣ್ಣಗಳು ಮೊದಲೇ ಮಂದವಾದ್ದರಿಂದ ಹೆಚ್ಚು ಬದಲಾಗುವುದಿಲ್ಲ, ಅವನ್ನು ಆರಿಸಿಕೊಂಡವರಿಗೆ ಇದೊಂದು ಲಾಭ. ಏನೇ ಆದರೂ ಚಿತ್ರದ ಒಂದು ಮೂಲೆಯನ್ನು ಅದೇ ಕಾಗದದ ಮೇಲೆ ಮುದ್ರಿಸಿ ನೋಡದೆ ಪೂರ್ತಿ ಮುದ್ರಣಕ್ಕೆ ಒಪ್ಪಿಗೆ ಕೊಡಬಾರದು.

ಊರಿನ ವಿಷಯ ಎತ್ತಿಕೊಂಡಾಗ ಹಕ್ಕುಗಳ ಪ್ರಶ್ನೆಯೂ ಬರುತ್ತದೆ. ಶಿಶುನಾಳ ಶರೀಫರು (1819–1889) ಶಿಗ್ಗಾಂವಿ ತಾಲ್ಲೂಕಿನವರು. ಅವರ ತತ್ವಪದಗಳಿಗೆ ಚಿತ್ರ ಬರೆಯಲು, ಚಿತ್ರದೊಳಗೆ ಸಾಲುಗಳನ್ನು ಸೇರಿಸಲು ಯಾರ ಅನುಮತಿಯೂ ಬೇಕಿಲ್ಲ. ಆದರೆ ಇತ್ತೀಚಿನ ಸಂಪಾದಕರೊಬ್ಬರ ಟಿಪ್ಪಣಿ, ಇತ್ತೀಚಿನ ಗಾಯಕರೊಬ್ಬರ ಫೋಟೊ ಬಳಸುವಂತಿಲ್ಲ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ತೀರಿಕೊಂಡದ್ದು 1992ರಲ್ಲಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರ ಮರಣದ ನಂತರದ 60 ವರ್ಷ ಹಕ್ಕು ವಾರಸುದಾರರದ್ದು, ಆದ್ದರಿಂದ 2052 ಮುಗಿಯುವವರೆಗೆ ಅವರ ಕವಿತೆಯ ಸಾಲನ್ನು ಮಾರಾಟದ ಚಿತ್ರದಲ್ಲಿ ಬರೆಯುವ ಮುನ್ನ ಕೇಳಬೇಕು. ಸಾರ್ವಜನಿಕರಿಗೆ ಪ್ರವೇಶವಿರುವ ಜಾಗದಲ್ಲಿ ಶಾಶ್ವತವಾಗಿ ಇಟ್ಟಿರುವ ಶಿಲ್ಪವನ್ನು ಚಿತ್ರಿಸಲು ಅದೇ 1957ರ ಕಾಯ್ದೆ ಅವಕಾಶ ಕೊಟ್ಟಿದೆ, ಹಾಗಾಗಿ ಗೊಟಗೋಡಿಯ ಶಿಲ್ಪಗಳನ್ನು ಸ್ಕೆಚ್ ಮಾಡಬಹುದು. ಶಿಲ್ಪಿಯ ಹೆಸರು ಹಾಕುವುದು ಮರ್ಯಾದೆ. ಹುಡುಕಾಟದಲ್ಲಿ ಸಿಕ್ಕ ಫೋಟೊಗಳನ್ನು ಕೊಲಾಜಿನಲ್ಲಿ ಅಂಟಿಸುವುದನ್ನು ಮಾತ್ರ ಬಿಡಲೇಬೇಕು, ತಾನೇ ತೆಗೆದದ್ದು ಇದ್ದೇ ಇರುತ್ತದಲ್ಲ. ಪ್ರದರ್ಶನಕ್ಕೆ ಇಡುವಾಗ ಚಿತ್ರದ ಕೆಳಗಿನ ಚೀಟಿಯಲ್ಲಿ ಮಾಧ್ಯಮವನ್ನು ಬಿಡಿಸಿ ಬರೆಯಬೇಕು: ಎರೆಮಣ್ಣು, ಕೆಮ್ಮಣ್ಣು, ಗೋಂದು, ಶಾಯಿ, ದೊಡ್ಡಹುಣಸೆ ತೊಗಟೆಯ ಉಜ್ಜುಚಿತ್ರ, ಡಿಜಿಟಲ್ ಜೋಡಣೆ, ಯಾವ ಕಾಗದದ ಮೇಲೆ ಮುದ್ರಣ, ಎಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು. ಮೂಲ ಹಾಳೆಗಳನ್ನು ನಡುವೆ ಬಟರ್ ಪೇಪರ್ ಹಾಕಿ, ಬಿಸಿಲು, ಒದ್ದೆ ತಾಗದ ಕಡೆ ಚಪ್ಪಟೆಯಾಗಿ ಇಡಬೇಕು. ಕಾಲೇಜಿನ ಸಂದರ್ಶನಕ್ಕೆ ಮುದ್ರಿತ ಚಿತ್ರದ ಜೊತೆ ಅವನ್ನೂ, ಬಿಸಿಲಿಗಿಟ್ಟ ಬಣ್ಣದ ಪಟ್ಟಿಯನ್ನೂ ಒಯ್ಯಬೇಕು.